ವೈದ್ಯರ ಚೀಟಿಯಿಲ್ಲದೆ ಕೊಂಡ ಔಷಧಕ್ಕೆ ಎಫ್‌ಎಸ್‌ಎ ಹಣ ಸಿಗುತ್ತದೆಯೇ?

ಓದುಗರ ಪ್ರಶ್ನೆ: ನಾನು ಅಮೆರಿಕದಲ್ಲಿ ಉದ್ಯೋಗದಲ್ಲಿದ್ದೇನೆ. ಪ್ರತಿ ತಿಂಗಳ ಸಂಬಳದಿಂದ, ವೈದ್ಯಕೀಯ ವೆಚ್ಚಕ್ಕಾಗಿ ತೆರಿಗೆಯಿಲ್ಲದೆ ಹಣ ತೆಗೆದಿಡುವ ಎಫ್‌ಎಸ್‌ಎ ಖಾತೆಗೆ ಸ್ವಲ್ಪ ಹಣ ಕಡಿತವಾಗುತ್ತದೆ. ಜ್ವರಕ್ಕೋ ಅಲರ್ಜಿಗೋ ನಾನೇ ಅಂಗಡಿಯಿಂದ ತರುವ ಮಾತ್ರೆಗಳಿಗೆ ಈ ಹಣವನ್ನು ಬಳಸಬಹುದೇ? ಊರಿನಿಂದ ತರಿಸಿಕೊಳ್ಳುವ ಔಷಧಗಳಿಗೂ ಇದು ಅನ್ವಯಿಸುತ್ತದೆಯೇ?

ಉತ್ತರ: ಅಂಗಡಿಯಿಂದ ತರುವ ಮಾತ್ರೆಗಳಿಗೆ ಬಳಸಬಹುದು, ಅದಕ್ಕೆ ವೈದ್ಯರ ಚೀಟಿಯೂ ಬೇಕಾಗಿಲ್ಲ. ಊರಿನಿಂದ ತರಿಸಿದ ಔಷಧಗಳಿಗೆ ಸಾಮಾನ್ಯವಾಗಿ ಬಳಸುವಂತಿಲ್ಲ.

ಚೀಟಿ ಬೇಕೇ ಬೇಕು ಎಂದು ಇಂದಿಗೂ ಅನೇಕರು ನಂಬಿರುವುದಕ್ಕೆ ಕಾರಣವಿದೆ. ಇಂಥ ಔಷಧಗಳ ವೆಚ್ಚವನ್ನು ಮರುಪಾವತಿಸಲು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ 2003ರಲ್ಲೇ ಒಪ್ಪಿಗೆ ನೀಡಿತ್ತು. ಆದರೆ 2010ರ ಆರೋಗ್ಯ ಸುಧಾರಣಾ ಕಾಯ್ದೆಯು 2011ರ ಜನವರಿಯಿಂದ ಇನ್ಸುಲಿನ್ ಒಂದನ್ನು ಬಿಟ್ಟು ಉಳಿದೆಲ್ಲ ಔಷಧಗಳಿಗೂ ಚೀಟಿಯನ್ನು ಕಡ್ಡಾಯಗೊಳಿಸಿತು. 2020ರ ಮಾರ್ಚ್ 27ರಂದು ಅಧ್ಯಕ್ಷರ ಅಂಕಿತ ಪಡೆದ ಕೇರ್ಸ್ ಕಾಯ್ದೆಯು ಆ ನಿರ್ಬಂಧವನ್ನು ತೆಗೆದುಹಾಕಿದ್ದಲ್ಲದೆ, ಮುಟ್ಟಿನ ಸಮಯದಲ್ಲಿ ಬಳಸುವ ಪ್ಯಾಡ್, ಟ್ಯಾಂಪನ್, ಕಪ್ ಮುಂತಾದವನ್ನೂ ಮೊದಲ ಬಾರಿಗೆ ವೈದ್ಯಕೀಯ ವೆಚ್ಚಕ್ಕೆ ಸೇರಿಸಿತು. ಕೋವಿಡ್ ಕಾಲದ ಕಾಯ್ದೆಯಾದ್ದರಿಂದ ಇದನ್ನು ತಾತ್ಕಾಲಿಕ ಸವಲತ್ತೆಂದು ಭಾವಿಸಿದವರಿದ್ದಾರೆ; ಈ ಬದಲಾವಣೆಗೆ ಕಾಯ್ದೆಯು ಯಾವ ಕೊನೆಯ ದಿನಾಂಕವನ್ನೂ ಇಟ್ಟಿಲ್ಲ. ಹಳೆಯ ನಿಯಮವನ್ನೇ ನಂಬಿಕೊಂಡು, ತಾವು ದುಡಿದು ಕೂಡಿಟ್ಟ ಹಣವನ್ನು ಖರ್ಚು ಮಾಡದೆ ಉಳಿಸಿ, ವರ್ಷಾಂತ್ಯದಲ್ಲಿ ಯಾರೂ ಕಳೆದುಕೊಳ್ಳಬಾರದು.

ಯಾವ ಔಷಧ ಸಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಅದನ್ನು ಕೊಂಡ ಉದ್ದೇಶ. ಒಂದು ಕಾಯಿಲೆಯನ್ನು ಗುಣಪಡಿಸಲು, ಅದರ ಬಾಧೆಯನ್ನು ಕಡಿಮೆ ಮಾಡಲು ಅಥವಾ ಅದು ಬಾರದಂತೆ ತಡೆಯಲು ಕೊಂಡದ್ದಾದರೆ ಅದು ವೈದ್ಯಕೀಯ ವೆಚ್ಚ. ಒಟ್ಟಾರೆ ಆರೋಗ್ಯ ಚೆನ್ನಾಗಿರಲಿ ಎಂದು ಕೊಂಡದ್ದಾದರೆ ಅಲ್ಲ. ಹೀಗಾಗಿ ನೋವು ಮತ್ತು ಜ್ವರಕ್ಕೆ ತೆಗೆದುಕೊಳ್ಳುವ ಟೈಲೆನಾಲ್, ಆಡ್ವಿಲ್, ಅಲರ್ಜಿಗೆ ತೆಗೆದುಕೊಳ್ಳುವ ಜಿರ್ಟೆಕ್, ಕ್ಲಾರಿಟಿನ್, ಎದೆಯುರಿಯ ಮಾತ್ರೆಗಳು, ಕೆಮ್ಮಿನ ಸಿರಪ್, ಗಾಯಕ್ಕೆ ಹಚ್ಚುವ ಮುಲಾಮು ಮತ್ತು ಬ್ಯಾಂಡೇಜು ಇವೆಲ್ಲವೂ ಸಲ್ಲುತ್ತವೆ. ಟೂತ್‌ಪೇಸ್ಟ್, ಶಾಂಪೂ ಮತ್ತು ಸೌಂದರ್ಯವರ್ಧಕಗಳು ಸಲ್ಲುವುದಿಲ್ಲ.

ಹೆಚ್ಚು ಗೊಂದಲವಾಗುವುದು ವಿಟಮಿನ್ ಮತ್ತು ಗಿಡಮೂಲಿಕೆಗಳ ವಿಷಯದಲ್ಲಿ. ನಮ್ಮವರ ಮನೆಗಳಲ್ಲಿ ಚ್ಯವನಪ್ರಾಶ, ತ್ರಿಫಲಾ ಚೂರ್ಣ, ಅಶ್ವಗಂಧಗಳನ್ನು ಔಷಧವೆಂದೇ ಭಾವಿಸುತ್ತೇವೆ. ಆದರೆ ಅಮೆರಿಕದಲ್ಲಿ ಇವು ಬಹುತೇಕ ಪೂರಕ ಆಹಾರದ ಹೆಸರಿನಲ್ಲಿಯೇ ಮಾರಾಟವಾಗುತ್ತವೆಯಾದ್ದರಿಂದ ಮರುಪಾವತಿಗೆ ತಾವಾಗಿಯೇ ಅರ್ಹವಾಗುವುದಿಲ್ಲ. ಇದನ್ನು ಅಂಗಡಿಯಲ್ಲೇ ತಿಳಿಯುವ ದಾರಿಯೊಂದಿದೆ. ಚೀಟಿಯಿಲ್ಲದೆ ಮಾರುವ ಔಷಧಗಳ ಪೊಟ್ಟಣದ ಮೇಲೆ ‘ಡ್ರಗ್ ಫ್ಯಾಕ್ಟ್ಸ್’ ಎಂಬ ಚೌಕ ಇರಲೇಬೇಕೆಂಬುದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವಿಧಿಸಿರುವ ನಿಯಮ. ಪೂರಕ ಆಹಾರದ ಮೇಲೆ ‘ಸಪ್ಲಿಮೆಂಟ್ ಫ್ಯಾಕ್ಟ್ಸ್’ ಎಂದಿರುತ್ತದೆ. ಮೊದಲನೆಯದಿದ್ದರೆ ಸಾಮಾನ್ಯವಾಗಿ ಹಣ ಸಿಗುತ್ತದೆ, ಎರಡನೆಯದಿದ್ದರೆ ಸಿಗುವುದಿಲ್ಲ. ತಲೆನೋವಿನ ಬಾಮುಗಳನ್ನು ಕೊಳ್ಳುವಾಗಲೂ ಹೆಸರಿಗಿಂತ ಈ ಚೌಕವನ್ನು ನೋಡುವುದು ಒಳ್ಳೆಯದು.

ಇದಕ್ಕೊಂದು ವಿನಾಯಿತಿಯೂ ಇದೆ. ವೈದ್ಯರು ನಿರ್ದಿಷ್ಟ ಕಾಯಿಲೆಯೊಂದನ್ನು ಗುರುತಿಸಿ, ಅದರ ಚಿಕಿತ್ಸೆಗಾಗಿಯೇ ಒಂದು ವಿಟಮಿನ್ನನ್ನೋ ಖನಿಜಾಂಶವನ್ನೋ ಸೂಚಿಸಿದ್ದರೆ, ಉದಾಹರಣೆಗೆ ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆಯನ್ನು ಸೂಚಿಸಿದ್ದರೆ, ಆ ವೆಚ್ಚ ಸಲ್ಲುತ್ತದೆ. ಕಾಯಿಲೆ ಯಾವುದು, ಮಾತ್ರೆ ಏಕೆ ಬೇಕು, ಎಷ್ಟು ಕಾಲ ಬೇಕು ಎಂಬುದನ್ನು ತಿಳಿಸುವ ಪತ್ರವೊಂದನ್ನು ವೈದ್ಯರಿಂದ ಬರೆಸಿಕೊಂಡು ಖಾತೆ ನಿರ್ವಹಿಸುವ ಸಂಸ್ಥೆಗೆ ಕೊಡಬೇಕಾಗುತ್ತದೆ.

ಇನ್ನು ಊರಿನ ಔಷಧಗಳ ವಿಷಯ. ಬೇರೆ ದೇಶದಿಂದ ತಂದ ಅಥವಾ ಅಂಚೆಯಲ್ಲಿ ತರಿಸಿಕೊಂಡ ಔಷಧದ ಬೆಲೆಯನ್ನು ವೈದ್ಯಕೀಯ ವೆಚ್ಚವೆಂದು ತೋರಿಸುವಂತಿಲ್ಲ ಎಂಬುದು ಐಆರ್‌ಎಸ್‌ನ ಸಾಮಾನ್ಯ ನಿಯಮ. ನೀವು ಬೆಂಗಳೂರಿಗೋ ಮೈಸೂರಿಗೋ ಹೋಗಿದ್ದಾಗ ಕಾಯಿಲೆ ಬಿದ್ದು, ವೈದ್ಯರು ಬರೆದುಕೊಟ್ಟ ಔಷಧವನ್ನು ಅಲ್ಲಿಯೇ ಕೊಂಡು ಅಲ್ಲಿಯೇ ಸೇವಿಸಿದ್ದರೆ, ಅದು ಎರಡೂ ದೇಶಗಳಲ್ಲಿ ಕಾನೂನುಬದ್ಧವಾದ ಔಷಧವಾಗಿದ್ದ ಪಕ್ಷದಲ್ಲಿ ಆ ವೆಚ್ಚ ಸಲ್ಲುತ್ತದೆ. ಆದ್ದರಿಂದ ಅಲ್ಲಿನ ಚೀಟಿ ಮತ್ತು ಬಿಲ್ಲನ್ನು ಎಸೆಯದೆ ತರಬೇಕು.

ಪ್ರವಾಸಿ ವೀಸಾದಲ್ಲಿ ಬಂದಿರುವ ತಂದೆತಾಯಿಯರಿಗೆ ಕೊಂಡ ಮಾತ್ರೆಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಈ ಹಣ ಖಾತೆದಾರರಿಗೆ, ಅವರ ಸಂಗಾತಿಗೆ, ಮಕ್ಕಳಿಗೆ ಮತ್ತು ತೆರಿಗೆ ಕಾನೂನಿನ ಪ್ರಕಾರ ಅವಲಂಬಿತರಾದವರಿಗೆ ಮಾತ್ರ ಮೀಸಲು. ಅವಲಂಬಿತರೆನಿಸಲು ಅರ್ಧಕ್ಕಿಂತ ಹೆಚ್ಚು ಪೋಷಣೆ ನಿಮ್ಮದಾಗಿರುವುದು ಸಾಲದು, ಅವರು ಅಮೆರಿಕದ ಪ್ರಜೆಯೋ ತೆರಿಗೆಯ ಲೆಕ್ಕದಲ್ಲಿ ನಿವಾಸಿಯೋ ಆಗಿರಬೇಕು. ಕೆಲವು ತಿಂಗಳ ಮಟ್ಟಿಗೆ ಬಂದು ಹೋಗುವ ಹೆತ್ತವರು ಸಾಮಾನ್ಯವಾಗಿ ಈ ವ್ಯಾಪ್ತಿಗೆ ಬರುವುದಿಲ್ಲ.

ಖಾತೆಯ ಬಗೆಯನ್ನೂ ಒಮ್ಮೆ ಪರಿಶೀಲಿಸಿ. ಆರೋಗ್ಯ ವೆಚ್ಚಕ್ಕೆಂದೇ ಇರುವ ಮತ್ತೊಂದು ಬಗೆಯ ಉಳಿತಾಯ ಖಾತೆಯಾದ ಎಚ್‌ಎಸ್‌ಎ ಜೊತೆಗೆ ಎಫ್‌ಎಸ್‌ಎ ಕೂಡ ಇದ್ದರೆ, ಆ ಎಫ್‌ಎಸ್‌ಎ ಹೆಚ್ಚಾಗಿ ಹಲ್ಲು ಮತ್ತು ಕಣ್ಣಿನ ವೆಚ್ಚಗಳಿಗೆ ಸೀಮಿತವಾಗಿರುತ್ತದೆ. ಜ್ವರದ ಮಾತ್ರೆಗೆ ಆಗ ಎಚ್‌ಎಸ್‌ಎ ಹಣವನ್ನೇ ಬಳಸಬೇಕು. ಎಚ್‌ಎಸ್‌ಎಯಲ್ಲಿ ಬಿಲ್ಲನ್ನು ಯಾರೂ ಮುಂಚಿತವಾಗಿ ಕೇಳುವುದಿಲ್ಲವಾದರೂ, ಸಲ್ಲದ ವೆಚ್ಚಕ್ಕೆ ಹಣ ತೆಗೆದದ್ದಾದರೆ ಆ ಮೊತ್ತದ ಮೇಲೆ ಆದಾಯ ತೆರಿಗೆಯ ಜೊತೆಗೆ, 65 ವರ್ಷದೊಳಗಿನವರಿಗೆ, ಶೇ 20ರಷ್ಟು ಹೆಚ್ಚುವರಿ ತೆರಿಗೆ ಬೀಳುತ್ತದೆ. ಎಫ್‌ಎಸ್‌ಎಯಲ್ಲಿ ಕೊಂಡ ದಿನಾಂಕ, ವಸ್ತುವಿನ ಹೆಸರು ಮತ್ತು ಬೆಲೆ ಮೂರೂ ಇರುವ ಅಂಗಡಿಯ ಬಿಲ್ಲು ಬೇಕು, ಕ್ರೆಡಿಟ್ ಕಾರ್ಡಿನ ಲೆಕ್ಕಪಟ್ಟಿ ಸಾಲದು. ದೊಡ್ಡ ಔಷಧದಂಗಡಿಗಳಲ್ಲಿ ಎಫ್‌ಎಸ್‌ಎ ಕಾರ್ಡನ್ನೇ ಉಜ್ಜಿದರೆ, ಸಲ್ಲುವ ವಸ್ತುಗಳನ್ನು ಅಂಗಡಿಯ ಕಂಪ್ಯೂಟರ್ ತಾನೇ ಬೇರ್ಪಡಿಸುತ್ತದೆ.

ಇದೇ ಔಷಧಗಳ ವೆಚ್ಚವನ್ನು ವಾರ್ಷಿಕ ತೆರಿಗೆ ವಿವರದಲ್ಲಿ ವೈದ್ಯಕೀಯ ಕಡಿತವೆಂದು ತೋರಿಸಲು ಮಾತ್ರ ಈಗಲೂ ಅವಕಾಶವಿಲ್ಲ, ಏಕೆಂದರೆ ಅಲ್ಲಿ ಸಲ್ಲುವುದು ವೈದ್ಯರು ಬರೆದುಕೊಟ್ಟಲ್ಲದೆ ಸಿಗದ ಔಷಧಗಳು ಮತ್ತು ಇನ್ಸುಲಿನ್ ಮಾತ್ರ.