ಯುವಕರ ಸರ್ಕಾರಿ ಯೋಜನೆಗಳು: ದುಡ್ಡು ಕೊನೆಗೆ ಯಾರ ಕೈಗೆ ಹೋಗುತ್ತದೆ?

ಯೋಜನೆಗಳ ಹೆಸರು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ‘ಪಿಎಂ’ ಅಂತ ಶುರುವಾಗುವವೇ ರಾಶಿ ಇವೆ. ನಾಲ್ಕು ಓದುವಷ್ಟರಲ್ಲಿ ತಲೆಯಲ್ಲಿ ಎಲ್ಲ ಕಲಸುಮೇಲೋಗರ ಆಗುತ್ತದೆ. ನನಗೆ ಇದು ಬಗೆಹರಿದಿದ್ದು ಒಂದೇ ಪ್ರಶ್ನೆಯಿಂದ. ಸರ್ಕಾರ ಕೊಡುವ ದುಡ್ಡು ಕೊನೆಗೆ ಯಾರ ಕೈಗೆ ಹೋಗುತ್ತದೆ? ನಿಮ್ಮ ಖಾತೆಗಾ, ನಿಮ್ಮ ಸಾಲದ ಬ್ಯಾಂಕಿಗಾ, ಅಥವಾ ಯಾರಿಗೂ ಇಲ್ಲವಾ? ಇದಕ್ಕೆ ಉತ್ತರ ಸಿಕ್ಕರೆ ಯಾವ ದಾಖಲೆ ಬೇಕು, ಎಲ್ಲಿ ಅಲೆಯಬೇಕು, ಎಲ್ಲಿ ಕೆಲಸ ನಿಲ್ಲುತ್ತದೆ ಅನ್ನುವುದೂ ಅರ್ಧ ಗೊತ್ತಾದ ಹಾಗೆ. ಕೆಳಗಿನದೆಲ್ಲ ಕರ್ನಾಟಕದಲ್ಲಿರುವ, ಈಗಷ್ಟೇ ಓದು ಮುಗಿಸಿದ ಅಥವಾ ಮುಗಿಸುತ್ತಿರುವವರನ್ನು ಮನಸ್ಸಲ್ಲಿಟ್ಟು ಬರೆದದ್ದು.

ನೇರ ಖಾತೆಗೆ ಬರುವ ದುಡ್ಡು

ಇದರಲ್ಲಿ ಎಲ್ಲರಿಗೂ ಗೊತ್ತಿರುವುದು ಯುವನಿಧಿ. ರಾಜ್ಯ ಸರ್ಕಾರದ ಐದನೇ ಗ್ಯಾರಂಟಿ. ನೋಂದಣಿ ಶುರುವಾಗಿದ್ದು 2023ರ ಡಿಸೆಂಬರ್‌ನಲ್ಲಿ, ಮೊದಲ ಕಂತು ಬಿಡುಗಡೆಯಾಗಿದ್ದು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ. ಪದವಿ ಮುಗಿಸಿದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. ಮಧ್ಯೆ ಕೆಲಸ ಸಿಕ್ಕರೆ ಅಲ್ಲಿಗೆ ನಿಲ್ಲುತ್ತದೆ. ಪಾಸಾಗಿ 180 ದಿನ ಆಗಿರಬೇಕು, ಅಷ್ಟರಲ್ಲಿ ಕೆಲಸ ಸಿಕ್ಕಿರಬಾರದು. ಅರ್ಜಿ ಸೇವಾ ಸಿಂಧುವಿನಲ್ಲಿ. ‘ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಲೂ ಇಲ್ಲ’ ಅಂತ ಆಗಾಗ ಸ್ವಯಂ ಘೋಷಣೆ ಕೊಡುತ್ತಿರಬೇಕು. ಅದನ್ನು ಮರೆತರೆ ಕಂತು ಬರುವುದಿಲ್ಲ.

ವಿದ್ಯಾರ್ಥಿವೇತನಗಳೂ ಇದೇ ಗುಂಪು. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ-ವಸತಿಗೆ ಅಂತ ಇರುವ ವಿದ್ಯಾಸಿರಿ ತಿಂಗಳ ಲೆಕ್ಕದಲ್ಲಿ ಹತ್ತು ತಿಂಗಳು ಬರುತ್ತದೆ. ಇಲ್ಲಿ ಜಾತಿ-ಆದಾಯ ಪ್ರಮಾಣಪತ್ರದ ಮೇಲೆ ಮುದ್ರಿಸಿರುವ ಆರ್‌ಡಿ ಸಂಖ್ಯೆ ಕೇಳುತ್ತಾರೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಮಾತ್ರ ಆಯಸ್ಸು. ಪಿಯುಸಿಗೆ ಸೇರುವಾಗ ಮಾಡಿಸಿದ್ದು ಡಿಗ್ರಿ ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಮುಗಿಯುವ ಹಂತದಲ್ಲಿರುತ್ತದೆ. ನಾಡಕಚೇರಿಗೆ ಮೊದಲೇ ಅರ್ಜಿ ಹಾಕಿಡಿ.

ಅಸಲಿ ತೊಡಕು: ಆಧಾರ್ ಲಿಂಕ್ ಆಗಿದೆ, ದುಡ್ಡು ಬಂದಿಲ್ಲ

ಈ ಭಾಗ ಉದ್ದ ಇದೆ, ಬೇಕೆಂದೇ. ಅರ್ಜಿ ಒಪ್ಪಿಗೆಯಾಗಿದೆ, ಗೆಳತಿಗೆ ದುಡ್ಡು ಬಂದಿದೆ, ನಮಗೆ ಬಂದಿಲ್ಲ. ಬ್ಯಾಂಕಿಗೆ ಹೋದರೆ ‘ಆಧಾರ್ ಲಿಂಕ್ ಆಗಿದೆಯಲ್ಲ’ ಅಂತಾರೆ. ಕಚೇರಿಗೆ ಹೋದರೆ ‘ಆಧಾರ್ ಲಿಂಕ್ ಆಗಿಲ್ಲ’ ಅಂತಾರೆ. ತಮಾಷೆ ಅಂದರೆ, ಇಬ್ಬರು ಹೇಳುವುದೂ ಸರಿಯೇ ಇರಬಹುದು. ಇಬ್ಬರೂ ಬೇರೆ ಬೇರೆ ಕಡತ ನೋಡಿ ಮಾತಾಡುತ್ತಿದ್ದಾರೆ.

ಮೊದಲನೆಯದು ಬ್ಯಾಂಕಿನೊಳಗಿನ ಕಡತ. ಖಾತೆ ತೆರೆಯುವಾಗ ಕೆವೈಸಿಗೆ ಅಂತ ಆಧಾರ್ ಕೊಟ್ಟಿರುತ್ತೀರಿ. ಬ್ಯಾಂಕ್ ಅದನ್ನು ನಿಮ್ಮ ಖಾತೆಯ ಜೊತೆ ಬರೆದಿಟ್ಟುಕೊಂಡಿದೆ. ನೀವು ಯಾರು ಅಂತ ಬ್ಯಾಂಕಿಗೆ ಗೊತ್ತಾಯಿತು. ಅಷ್ಟೇ.

ಎರಡನೆಯದು ಬ್ಯಾಂಕುಗಳ ನಡುವೆ ಪಾವತಿ ಸಾಗಿಸುವ ಸಂಸ್ಥೆಯಾದ ಎನ್‌ಪಿಸಿಐ ಹತ್ತಿರ ಇರುವ ಮ್ಯಾಪರ್, ಅಂದರೆ ಯಾವ ಆಧಾರ್‌ಗೆ ಯಾವ ಬ್ಯಾಂಕ್ ಅನ್ನುವ ಪಟ್ಟಿ. ಡಿಬಿಟಿ ಅಂದರೆ ನೇರ ನಗದು ವರ್ಗಾವಣೆ ಆಧಾರ್ ಆಧಾರದ ಮೇಲೆ ನಡೆಯುವಾಗ, ಇಲಾಖೆ ನಿಮ್ಮ ಖಾತೆ ನಂಬರ್ ಬಳಸುವುದೇ ಇಲ್ಲ. ಆಧಾರ್ ಸಂಖ್ಯೆ ಮತ್ತು ಮೊತ್ತ ಕಳಿಸುತ್ತದೆ. ಈ ಆಧಾರ್‌ಗೆ ಯಾವ ಬ್ಯಾಂಕ್ ಅಂತ ಮ್ಯಾಪರ್ ನೋಡಿ, ಆ ಬ್ಯಾಂಕಿಗೆ ದುಡ್ಡು ಸಾಗಿಸುತ್ತದೆ. ಮ್ಯಾಪರ್‌ನಲ್ಲಿ ಇರುವುದು ಬ್ಯಾಂಕಿನ ಗುರುತು ಮಾತ್ರ, ಖಾತೆ ನಂಬರ್ ಅಲ್ಲ. ಯಾವ ಖಾತೆಗೆ ಹಾಕಬೇಕು ಅನ್ನುವುದನ್ನು ಬ್ಯಾಂಕ್ ತನ್ನ ಕಡತ ನೋಡಿ ತೀರ್ಮಾನಿಸುತ್ತದೆ. ಕೊರಿಯರ್ ಹುಡುಗ ಅಪಾರ್ಟ್‌ಮೆಂಟ್ ಗೇಟಿನವರೆಗೆ ತಂದು ಕೊಡುತ್ತಾನೆ, ಯಾವ ಮನೆಗೆ ಅಂತ ಸೆಕ್ಯೂರಿಟಿ ನೋಡಿಕೊಳ್ಳುತ್ತಾನಲ್ಲ, ಹಾಗೆ.

ಇಷ್ಟು ತಿಳಿದರೆ ಮುಂದಿನದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಕೆವೈಸಿಗೆ ಆಧಾರ್ ಕೊಟ್ಟ ಮಾತ್ರಕ್ಕೆ ಮ್ಯಾಪರ್‌ಗೆ ಹೆಸರು ಹೋಗುವುದಿಲ್ಲ. ಅದಕ್ಕೆ ಬೇರೆ ಒಪ್ಪಿಗೆ ಬೇಕು. ಇದನ್ನೇ ಆಧಾರ್ ಸೀಡಿಂಗ್ ಅನ್ನುವುದು. ಬ್ಯಾಂಕಿನಲ್ಲಿ ಇದಕ್ಕೆ ಒಂದು ಫಾರಂ ಇರುತ್ತದೆ. ಸುಮ್ನೆ ‘ಆಧಾರ್ ಲಿಂಕ್ ಮಾಡಿ’ ಅಂದರೆ ಅವರು ಕಂಪ್ಯೂಟರ್ ನೋಡಿ ‘ಆಗಿದೆ’ ಅಂತ ಕಳಿಸಿಬಿಡುತ್ತಾರೆ. ‘ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ’ ಅಂತಲೇ ಕೇಳಿ. ಈ ಒಂದು ಮಾತು ಎಷ್ಟೋ ಓಡಾಟ ಉಳಿಸುತ್ತದೆ.

ಒಂದು ಆಧಾರ್‌ಗೆ ಒಂದು ಸಮಯಕ್ಕೆ ಒಂದೇ ಬ್ಯಾಂಕ್. ನಿಮಗೆ ಮೂರು ಬ್ಯಾಂಕಲ್ಲಿ ಖಾತೆ ಇದ್ದು, ಮೂರಕ್ಕೂ ಆಧಾರ್ ಕೊಟ್ಟಿರಬಹುದು. ಮ್ಯಾಪರ್‌ನಲ್ಲಿ ನಿಲ್ಲುವುದು ಕೊನೆಗೆ ಸೀಡ್ ಆದದ್ದು ಮಾತ್ರ. ಹೊಸದು ಬಂದರೆ ಹಳೆಯದು ಹೋಯಿತು. ಇಲ್ಲೇ ನಮ್ಮ ವಯಸ್ಸಿನವರು ಜಾಸ್ತಿ ಸಿಕ್ಕಿಬೀಳುವುದು. ಮೊಬೈಲಲ್ಲೇ ಝೀರೋ ಬ್ಯಾಲೆನ್ಸ್ ಖಾತೆ ತೆರೆಯುವಾಗ ‘ಸರ್ಕಾರದ ಸಬ್ಸಿಡಿಗಳನ್ನು ಈ ಖಾತೆಗೆ ಪಡೆಯಲು ಒಪ್ಪಿದ್ದೇನೆ’ ಅನ್ನುವಂಥ ಸಾಲು ಬರುತ್ತದೆ. ಓದದೆ ಟಿಕ್ ಮಾಡಿ ಮುಂದೆ ಹೋಗುತ್ತೇವೆ. ಆಮೇಲೆ ವಿದ್ಯಾರ್ಥಿವೇತನ ಹಳೇ ಪಾಸ್‌ಬುಕ್‌ನಲ್ಲಿ ಕಾಣುವುದಿಲ್ಲ. ದುಡ್ಡು ಕಳೆದುಹೋಗಿರುವುದಿಲ್ಲ. ಮರೆತೇ ಹೋದ ಆ ಹೊಸ ಖಾತೆಯಲ್ಲಿ ಕೂತಿರುತ್ತದೆ. ಆ ಖಾತೆಯನ್ನು ಆಗಲೇ ಮುಚ್ಚಿಸಿದ್ದರೆ ದುಡ್ಡು ಇಲಾಖೆಗೆ ವಾಪಸ್ ಹೋಗುತ್ತದೆ.

ಇನ್ನೊಂದು ಅನುಮಾನ ತುಂಬಾ ಜನಕ್ಕೆ ಬರುತ್ತದೆ. ಅರ್ಜಿಯಲ್ಲಿ ಖಾತೆ ನಂಬರ್ ಬರೆದಿದ್ದೆನಲ್ಲ, ಅದಕ್ಕೇ ಬರಬೇಕಲ್ವಾ? ಆಧಾರ್ ಮೂಲಕ ಪಾವತಿಯಾಗುವ ಯೋಜನೆಯಾದರೆ ಅಲ್ಲ. ಅಲ್ಲಿ ಮ್ಯಾಪರ್ ಹೇಳಿದ್ದೇ ಅಂತಿಮ. ನೀವು ಯಾವ ನಂಬರ್ ಬರೆದಿದ್ದರೂ ಅಷ್ಟೇ.

ಇದನ್ನು ನೋಡಿಕೊಳ್ಳಲು ಯಾರ ಬಳಿಯೂ ಹೋಗಬೇಕಿಲ್ಲ. ಮೈ ಆಧಾರ್ ಪೋರ್ಟಲ್‌ಗೆ ಆಧಾರ್ ಸಂಖ್ಯೆ ಮತ್ತು ಒಟಿಪಿ ಹಾಕಿ ಒಳಗೆ ಹೋಗಿ, ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿ. ಬ್ಯಾಂಕಿನ ಹೆಸರು, ಸ್ಥಿತಿ ಸಕ್ರಿಯವೋ ಅಲ್ಲವೋ, ಕೊನೆಗೆ ಬದಲಾದ ದಿನಾಂಕ ಇಷ್ಟು ಕಾಣುತ್ತದೆ. ಆ ದಿನಾಂಕವನ್ನು ಗಮನಿಸಿ. ಹೊಸ ಖಾತೆ ತೆರೆದ ದಿನಕ್ಕೂ ಅದಕ್ಕೂ ತಾಳೆಯಾದರೆ ಕಾರಣ ಸಿಕ್ಕಿತು. ಬದಲಾಯಿಸಬೇಕಿದ್ದರೆ ಬೇಕಾದ ಬ್ಯಾಂಕಿಗೆ ಹೋಗಿ ಸೀಡಿಂಗ್ ಫಾರಂ ಕೊಡಬಹುದು, ಅಥವಾ ನಿಮ್ಮ ಬ್ಯಾಂಕ್ ಅದರಲ್ಲಿ ಸೇರಿದ್ದರೆ ಎನ್‌ಪಿಸಿಐನ ‘ಬೇಸ್’ ಸೇವೆಯಲ್ಲಿ ಆನ್‌ಲೈನಾಗಿಯೇ ಮಾಡಬಹುದು. ಅರ್ಜಿ ಹಾಕುವ ಮೊದಲೇ ಇದನ್ನು ನೋಡಿಕೊಳ್ಳುವುದು ಜಾಣತನ. ದುಡ್ಡು ಬಿಡುಗಡೆಯಾದ ವಾರದಲ್ಲಿ ಬ್ಯಾಂಕಿನ ಮುಂದೆ ಎಲ್ಲರೂ ಇರುತ್ತಾರೆ.

ಹೆಸರಿನ ಗೋಳೂ ಇಲ್ಲೇ ಹೇಳಿಬಿಡುತ್ತೇನೆ. ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್ ವಿ’, ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಪಾಸ್‌ಬುಕ್‌ನಲ್ಲಿ ಇನಿಷಿಯಲ್ಲೇ ಇಲ್ಲ. ನಮ್ಮಲ್ಲಿ ಇದು ಮನೆಮನೆ ಕಥೆ. ಸಾಮಾನ್ಯವಾಗಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಮೂಲ ಅಂತ ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ವಾಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಅವಸರದಲ್ಲಿ ಖರ್ಚು ಮಾಡಬೇಡಿ.

ಅರ್ಧ ಕಂಪನಿ, ಅರ್ಧ ಸರ್ಕಾರ

ಅಪ್ರೆಂಟಿಸ್‌ಶಿಪ್‌ಗೆ ಎರಡು ದಾರಿ ಇವೆ, ಎರಡರ ಬುಡವೂ 1961ರ ಅಪ್ರೆಂಟಿಸ್ ಕಾಯ್ದೆ. ಎನ್‌ಎಪಿಎಸ್ ಕೌಶಲ್ಯ ಸಚಿವಾಲಯದ್ದು, ಹೆಚ್ಚಾಗಿ ಐಟಿಐ ಮತ್ತು ಸಣ್ಣ ಕೋರ್ಸ್‌ನವರಿಗೆ. ಅದರಲ್ಲಿ ಸ್ಟೈಪೆಂಡಿನ ಶೇ. 25, ಹೆಚ್ಚೆಂದರೆ ತಿಂಗಳಿಗೆ 1,500 ರೂಪಾಯಿ, ಸರ್ಕಾರದ ಪಾಲು. ಎನ್‌ಎಟಿಎಸ್ ಶಿಕ್ಷಣ ಸಚಿವಾಲಯದ್ದು, ಪದವಿ ಮತ್ತು ಡಿಪ್ಲೊಮಾದವರಿಗೆ. ಅಲ್ಲಿ ಕನಿಷ್ಠ ಸ್ಟೈಪೆಂಡಿನ ಅರ್ಧ ಸರ್ಕಾರದ್ದು. ಮೊದಲು ಕಂಪನಿ ಪೂರ್ತಿ ಕೊಟ್ಟು ಆಮೇಲೆ ಸರ್ಕಾರದಿಂದ ವಾಪಸ್ ಪಡೆಯುತ್ತಿತ್ತು. ಈಗ ಸರ್ಕಾರದ ಪಾಲು ಡಿಬಿಟಿಯಲ್ಲಿ ನೇರ ನಿಮಗೆ. ಎನ್‌ಎಪಿಎಸ್‌ನಲ್ಲಿ ಇದು 2023ರಲ್ಲೇ ಬಂತು.

ಹಾಗಾಗಿ ನಿಮಗೆ ಎರಡು ಜಮೆ ಬರುತ್ತವೆ, ಎರಡು ಬೇರೆ ದಿನ, ಬಹುಶಃ ಎರಡು ಬೇರೆ ಖಾತೆಗೆ. ಕಂಪನಿ ನಿಮ್ಮ ಸಂಬಳದ ಖಾತೆಗೆ ಹಾಕುತ್ತದೆ, ಸರ್ಕಾರ ಮ್ಯಾಪರ್ ತೋರಿಸಿದ ಬ್ಯಾಂಕಿಗೆ ಹಾಕುತ್ತದೆ. ‘ಸ್ಟೈಪೆಂಡ್ ಅರ್ಧ ಬಂತು’ ಅಂತ ಎಚ್‌ಆರ್ ಜೊತೆ ಜಗಳಕ್ಕೆ ಹೋಗುವ ಮೊದಲು ಇನ್ನೊಂದು ಖಾತೆ ನೋಡಿ. ಅಲ್ಲೂ ಇಲ್ಲದಿದ್ದರೆ ಕಂಪನಿ ಪೋರ್ಟಲ್‌ನಲ್ಲಿ ನಿಮ್ಮ ವಿವರ ಹಾಕಿದೆಯೇ ಅಂತ ಕೇಳಿ.

ಪಿಎಂ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಶುರುವಾದಾಗಲೂ ಇದೇ ತರಹ ಇತ್ತು. ತಿಂಗಳ 5,000ದಲ್ಲಿ 4,500 ಸರ್ಕಾರದ್ದು, 500 ಕಂಪನಿಯದು.

ಮೊದಲ ಕೆಲಸ ಸಿಕ್ಕವರಿಗೆ ಪಿಎಂ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಇದೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ಒಳಗೆ ಮೊದಲ ಸಲ ಇಪಿಎಫ್‌ಗೆ (ನೌಕರರ ಭವಿಷ್ಯ ನಿಧಿ, ಅಂದರೆ ಪಿಎಫ್) ಸೇರಿದವರಿಗೆ, ಸಂಬಳ ತಿಂಗಳಿಗೆ ಒಂದು ಲಕ್ಷದ ಒಳಗಿದ್ದರೆ, ಒಂದು ತಿಂಗಳ ಇಪಿಎಫ್ ವೇತನದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತಲ್ಲಿ. ಮೊದಲ ಕಂತು ಆರು ತಿಂಗಳು ಕೆಲಸದಲ್ಲಿದ್ದ ಮೇಲೆ, ಎರಡನೆಯದು ಹನ್ನೆರಡು ತಿಂಗಳಾಗಿ ಹಣಕಾಸು ಸಾಕ್ಷರತೆಯ ಕೋರ್ಸ್ ಮುಗಿಸಿದ ಮೇಲೆ. ಉದ್ಯೋಗದಾತರಿಗೆ ಬೇರೆ ಪ್ರೋತ್ಸಾಹಧನ ಇದೆ, ಅದು ನಮ್ಮದಲ್ಲ. ನಮ್ಮ ಪಾಲು ಬರುವುದು ಮತ್ತೆ ಅದೇ ಆಧಾರ್ ದಾರಿಯಲ್ಲಿ.

ಬ್ಯಾಂಕಿನಲ್ಲಿ ಬೀಗ ಹಾಕಿಟ್ಟ ಸಬ್ಸಿಡಿ

ಸ್ವಂತ ಉದ್ಯೋಗಕ್ಕೆ ಪಿಎಂಇಜಿಪಿ, ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ. 2008ರಿಂದ ಇದೆ, 18 ವರ್ಷ ದಾಟಿದವರಿಗೆ, ಆದಾಯ ಮಿತಿ ಇಲ್ಲ, ಹೊಸ ಘಟಕಕ್ಕೆ ಮಾತ್ರ. ತಯಾರಿಕೆಗೆ 50 ಲಕ್ಷದವರೆಗೆ, ಸೇವಾ ಘಟಕಕ್ಕೆ 20 ಲಕ್ಷದವರೆಗೆ ಯೋಜನಾ ವೆಚ್ಚ. ‘35 ಪರ್ಸೆಂಟ್ ಸಬ್ಸಿಡಿ’ ಅಂತ ಕೇಳಿ ಎಲ್ಲರ ಕಿವಿ ನಿಮಿರುವುದು ಇದಕ್ಕೇ. ಆದರೆ ಆ 35 ಎಲ್ಲರಿಗೂ ಅಲ್ಲ. ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ. 15, ಹಳ್ಳಿಯಲ್ಲಿ 25. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಅಂಗವಿಕಲರು ಮೊದಲಾದವರಿಗೆ ನಗರದಲ್ಲಿ 25, ಹಳ್ಳಿಯಲ್ಲಿ 35.

ಲೆಕ್ಕ ಹಾಕಿ ನೋಡೋಣ. ಹಳ್ಳಿಯಲ್ಲಿ ಒಬ್ಬ ಹುಡುಗಿ ಎಣ್ಣೆ ಗಾಣ ಹಾಕುತ್ತಾಳೆ, ವೆಚ್ಚ 8 ಲಕ್ಷ. ಸ್ವಂತ ಬಂಡವಾಳ ಶೇ. 5, ಅಂದರೆ 40,000. ಬ್ಯಾಂಕ್ ಸಾಲ ಉಳಿದ 7,60,000. ಸಬ್ಸಿಡಿ ಶೇ. 35. ಯಾವುದರ ಮೇಲೆ? ಸಾಲದ ಮೇಲಲ್ಲ, ಯೋಜನಾ ವೆಚ್ಚದ ಮೇಲೆ. ಹಾಗಾಗಿ 2,80,000. ಈ ದುಡ್ಡು ಅವಳ ಕೈಗೆ ಬರುವುದಿಲ್ಲ. ಬ್ಯಾಂಕ್ ಸಾಲ ಬಿಡುಗಡೆ ಮಾಡಲು ಶುರು ಮಾಡಿದ ಮೇಲೆ ಸರ್ಕಾರದಿಂದ ಸಬ್ಸಿಡಿ ಬಂದು, ಅದೇ ಬ್ಯಾಂಕಿನಲ್ಲಿ ಅವಳ ಹೆಸರಿನ ಠೇವಣಿಯಾಗಿ ಮೂರು ವರ್ಷ ಕೂರುತ್ತದೆ. ಠೇವಣಿಗೆ ಬಡ್ಡಿ ಸಿಗುವುದಿಲ್ಲ, ಸಾಲದಲ್ಲಿ ಅಷ್ಟು ಭಾಗಕ್ಕೆ ಬಡ್ಡಿ ಬೀಳುವುದೂ ಇಲ್ಲ. ಅಂದರೆ ಅಲ್ಲಿಂದ ಬಡ್ಡಿ 4,80,000ದ ಲೆಕ್ಕದಲ್ಲಿ. ಮೂರು ವರ್ಷವಾದ ಮೇಲೆ ಘಟಕ ನಡೆಯುತ್ತಿದೆಯೇ ಅಂತ ಪರಿಶೀಲಿಸಿ ಠೇವಣಿಯನ್ನು ಸಾಲಕ್ಕೆ ಜಮೆ ಮಾಡುತ್ತಾರೆ.

ಅದೇ 8 ಲಕ್ಷವನ್ನು ನಗರದ ಸಾಮಾನ್ಯ ವರ್ಗದ ಹುಡುಗ ತೆಗೆದರೆ ಸ್ವಂತದ್ದು 80,000, ಸಬ್ಸಿಡಿ 1,20,000, ತೀರಿಸಬೇಕಾದ ಅಸಲು 6 ಲಕ್ಷ. ಜಾಗದ ಬೆಲೆಯನ್ನು ಯೋಜನಾ ವೆಚ್ಚಕ್ಕೆ ಸೇರಿಸುವ ಹಾಗಿಲ್ಲ. ಗಂಡ-ಹೆಂಡತಿ ಇಬ್ಬರೂ ಬೇರೆ ಬೇರೆ ಅರ್ಜಿ ಹಾಕಿ ಎರಡು ಸಬ್ಸಿಡಿ ಪಡೆಯಲೂ ಆಗದು. ‘ಸಬ್ಸಿಡಿ ಕೈಗೆ ಕೊಡಿಸ್ತೀನಿ, ಇಷ್ಟು ಕಮಿಷನ್’ ಅನ್ನುವವರು ಸಿಕ್ಕರೆ ಮೇಲಿನ ಲೆಕ್ಕ ನೆನಪಿರಲಿ. ಕೈಗೆ ಕೊಡಿಸಲು ಅಲ್ಲಿ ದಾರಿಯೇ ಇಲ್ಲ.

ಯಾರ ಕೈಗೂ ಹೋಗದ ದುಡ್ಡು

ಸಣ್ಣ ಉದ್ಯಮಕ್ಕೆ ಸಾಲ ಕೊಡಿಸುವ ಮುದ್ರಾ ಯೋಜನೆಯಲ್ಲಿ ಸಬ್ಸಿಡಿ ಇಲ್ಲ. ಸಾಲ, ಬಡ್ಡಿ ಎಲ್ಲ ಪೂರ್ತಿ ನಮ್ಮದೇ. ಅಡಮಾನ ಕೇಳುವುದಿಲ್ಲ, ಯಾಕೆಂದರೆ ಹಿಂದೆ ಗ್ಯಾರಂಟಿ ನಿಧಿ ನಿಂತಿದೆ. ಶಿಶು 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗೆ. ಆ ಗ್ಯಾರಂಟಿ ಬ್ಯಾಂಕಿಗೆ, ನಮಗಲ್ಲ. ಸಾಲ ಕಟ್ಟದಿದ್ದರೆ ಸಿಬಿಲ್ (ಮುಂದಿನ ಸಾಲಕ್ಕೆ ಬ್ಯಾಂಕ್ ನೋಡುವ ಅಂಕ) ಹಾಳಾಗುವುದು ನಮ್ಮದೇ.

ಓದಿನ ಸಾಲಕ್ಕೆ ಪಿಎಂ ವಿದ್ಯಾಲಕ್ಷ್ಮಿ, 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು. ಆಯ್ದ ಉನ್ನತ ಸಂಸ್ಥೆಗಳಿಗೆ ಸೇರಿದವರಿಗೆ ಮಾತ್ರ. 7.5 ಲಕ್ಷದವರೆಗಿನ ಸಾಲಕ್ಕೆ ಶೇ. 75 ಗ್ಯಾರಂಟಿ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ ಮತ್ತು ಆಮೇಲೆ ಒಂದು ವರ್ಷ ಶೇ. 3 ಬಡ್ಡಿ ಸಹಾಯ.

ಒಂದು ತೆಗೆದರೆ ಇನ್ನೊಂದು ಹೋಗುತ್ತದೆ

ಇದನ್ನು ಜಾಹೀರಾತಿನಲ್ಲಿ ಯಾರೂ ದಪ್ಪಕ್ಷರದಲ್ಲಿ ಹಾಕುವುದಿಲ್ಲ. ಸ್ಟೈಪೆಂಡ್ ಬರುವ ಅಪ್ರೆಂಟಿಸ್‌ಗೆ ಯುವನಿಧಿ ಇಲ್ಲ. ಎಂ.ಎ., ಎಂ.ಕಾಂ. ಅಂತ ಮುಂದೆ ಓದಲು ಸೇರಿದವರಿಗೆ ಇಲ್ಲ. ಸರ್ಕಾರಿ ಯೋಜನೆಯ ಸಾಲದಲ್ಲಿ ಸ್ವಂತ ಉದ್ಯೋಗ ಮಾಡುವವರಿಗೂ ಇಲ್ಲ. ನನ್ನ ಲೆಕ್ಕದಲ್ಲಿ 3,000 ಉಳಿಸಿಕೊಳ್ಳಲು ಒಳ್ಳೆಯ ಅಪ್ರೆಂಟಿಸ್‌ಶಿಪ್ ಬಿಡುವುದು ನಷ್ಟದ ವ್ಯಾಪಾರ. ಅಪ್ರೆಂಟಿಸ್ ಕಾಯ್ದೆಯಡಿ ಇರುವಾಗ ಪಿಎಫ್ ಕಟ್ಟುವುದಿಲ್ಲ. ಹಾಗಾಗಿ ಅದು ಮುಗಿದು ಕೆಲಸಕ್ಕೆ ಸೇರಿದಾಗ ಇಪಿಎಫ್ ಲೆಕ್ಕದಲ್ಲಿ ಅದೇ ನಿಮ್ಮ ಮೊದಲ ಕೆಲಸವಾಗಿರುತ್ತದೆ. ಆದರೆ ಓದುವಾಗಲೇ ಎಲ್ಲೋ ಪಾರ್ಟ್‌ಟೈಮ್ ಮಾಡಿ ಪಿಎಫ್ ಕಡಿತವಾಗಿದ್ದರೆ ಆ 15,000ದ ಮೊದಲ ಸಲದ ಲೆಕ್ಕಕ್ಕೆ ಬರುವುದಿಲ್ಲ. ಯುಎಎನ್ (ಪಿಎಫ್ ಸದಸ್ಯರಿಗೆ ಕೊಡುವ ಸಂಖ್ಯೆ) ಆಗಲೇ ಇದೆಯಾ ಅಂತ ಉಮಂಗ್ ಆ್ಯಪ್‌ನಲ್ಲಿ ನೋಡಿಕೊಳ್ಳಿ.