ಬೋನ್ಸಾಯ್ ಮಾಡಿದರೆ ಹಣ್ಣೂ ಚಿಕ್ಕದಾಗುತ್ತದಾ?

ಪ್ರಶ್ನೆ: ತಾರಸಿಯಲ್ಲಿ ಸೀಬೆ ಗಿಡವನ್ನು ಬೋನ್ಸಾಯ್ ಮಾಡಿದ್ದೇನೆ. ಎಲೆ ಸಣ್ಣಗಾಗಿದೆ. ಹಣ್ಣೂ ನೆಲ್ಲಿಕಾಯಿಯಷ್ಟೇ ಆಗುತ್ತದಾ?

ಇಲ್ಲ. ನಾನೂ ಹಾಗೇ ಅಂದುಕೊಂಡು ಮೋಸ ಹೋದವನು. ಅಂಗೈಯಗಲದ ಕುಂಡದಲ್ಲಿದ್ದ ನನ್ನ ಸೀಬೆ ಒಂದೇ ಒಂದು ಕಾಯಿ ಬಿಟ್ಟಿತು. ಅದು ಬಲಿಯುವಷ್ಟರಲ್ಲಿ ಗಿಡ ಅಕ್ಕಿ ಮೂಟೆ ಹೊತ್ತ ಮಗುವಿನ ಹಾಗೆ ವಾಲಿತ್ತು.

ಎಲೆಯ ಕಥೆ ಬೇರೆ. ಬಿಸಿಲು ಚೆನ್ನಾಗಿ ಬಿದ್ದು, ಬೇರಿಗೆ ಜಾಗ ಕಡಿಮೆಯಿದ್ದು, ಚಿಗುರು ಚಿವುಟುತ್ತಾ ಹೋದರೆ ಕವಲು ಜಾಸ್ತಿಯಾಗುತ್ತದೆ. ಇರುವ ಆಹಾರ ಎಲ್ಲಕ್ಕೂ ಹಂಚಿಹೋಗಿ ಎಲೆ ಕಿರಿದಾಗುತ್ತದೆ. ಹಣ್ಣಿನ ಒಳಗೆ ಬೀಜ ಇದೆ, ಅಲ್ವಾ? ಅಲ್ಲಿ ಗಿಡ ರಾಜಿಯಾಗುವುದಿಲ್ಲ. ಆಹಾರ ಸಾಲದಿದ್ದರೆ ಕಾಯಿಗಳನ್ನೇ ಉದುರಿಸುತ್ತದೆ. ಉಳಿದದ್ದು ಹೆಚ್ಚುಕಮ್ಮಿ ಮಾಮೂಲಿ ಗಾತ್ರಕ್ಕೇ ಬೆಳೆಯುತ್ತದೆ.

ಹಾಗಾಗಿ ಹುಟ್ಟಾ ಸಣ್ಣ ಹಣ್ಣು ಬಿಡುವ ಪೊದೆಯನ್ನೇ ಹುಡುಕಿ. ನನ್ನ ಮೆಚ್ಚಿನದು ಸುರಿನಾಮ್ ಚೆರ್ರಿ. ದಕ್ಷಿಣ ಅಮೆರಿಕದ್ದು, ನಮ್ಮ ನೇರಳೆಯ ಬಳಗ. ಹಣ್ಣು 2–3 ಸೆಂಟಿಮೀಟರ್ ಅಷ್ಟೆ, ಏಳೆಂಟು ಏಣು ಬಿದ್ದ ಪುಟಾಣಿ ಕುಂಬಳಕಾಯಿ. ಹಸಿರು, ಕಿತ್ತಳೆ, ಕೆಂಪು ಎಲ್ಲ ಒಂದೇ ಕೊಂಬೆಯಲ್ಲಿ ತೂಗುತ್ತವೆ. ಎಳೆ ಚಿಗುರು ತಾಮ್ರದ ಬಣ್ಣ. ಕಡುಕೆಂಪಾಗುವ ತನಕ ಬಾಯಿಗೆ ಹಾಕಬೇಡಿ, ಬರೀ ರಾಳದ ವಾಸನೆ. ಬಾರ್ಬಡೋಸ್ ಚೆರ್ರಿಯೂ ನಡೆಯುತ್ತದೆ. ಜಬೋಟಿಕಾಬಾ ಹಲಸಿನ ಹಾಗೆ ಕಾಂಡಕ್ಕೇ ಹಣ್ಣು ಬಿಡುವುದರಿಂದ ನೋಡಲು ಬಲು ಚಂದ. ಆದರೆ ಬೀಜದಿಂದ ಬೆಳೆಸಿದರೆ ವರ್ಷಗಟ್ಟಲೆ ಕಾಯಬೇಕು. ಗಡಸು ಬೋರ್‌ವೆಲ್ ನೀರು ಹಾಕಿದರೆ ಎಲೆ ಹಳದಿಯಾಗಿ ಮುನಿಸಿಕೊಳ್ಳುತ್ತದೆ. ಮಳೆನೀರು ಹಿಡಿದಿಟ್ಟುಕೊಳ್ಳಿ.

ಅಷ್ಟು ದೂರ ಯಾಕೆ, ನಮ್ಮ ಕವಳಿಯೇ ಇದೆ. ಕರಾವಳಿಯವರು ಕರಂಡೆ ಅನ್ನುತ್ತಾರೆ, ಉಪ್ಪಿನಕಾಯಿ ಹಾಕುತ್ತಾರೆ. ಬಿಸಿಲಿಗೆ, ಬರಕ್ಕೆ ಜಗ್ಗದ ಗಿಡ. ಮುಳ್ಳು ಚುಚ್ಚುತ್ತದೆ, ಕತ್ತರಿ ಹಾಕಿದರೆ ಬಿಳಿ ಹಾಲು ಅಂಟುತ್ತದೆ. ಅದನ್ನು ಸಹಿಸಿಕೊಳ್ಳಬೇಕು. ಒಂದು ಎಚ್ಚರ: ಇದರ ಹೂಗೊಂಚಲು ಬರುವುದು ಹೆಚ್ಚಾಗಿ ಚಿಗುರಿನ ತುದಿಯಲ್ಲಿ. ಆಕಾರ ಚೆನ್ನಾಗಿರಲಿ ಅಂತ ಸುಮ್ನೆ ಚಿವುಟುತ್ತಲೇ ಇದ್ದರೆ ಹೂವೇ ಕಾಣುವುದಿಲ್ಲ. ಹಣ್ಣು ಕೊಯ್ದ ಮೇಲೆ ಒಮ್ಮೆ ಸವರಿ, ಆಮೇಲೆ ಕೈ ಕಟ್ಟಿಕೊಂಡಿರಿ.

ನಿಮ್ಮ ಸೀಬೆಯನ್ನು ಎಸೆಯಬೇಡಿ. ತೊಗಟೆ ಸುಲಿದು ನುಣ್ಣಗೆ ಹೊಳೆಯುವ ಅದರ ಕಾಂಡಕ್ಕಾಗಿಯಾದರೂ ಇಟ್ಟುಕೊಳ್ಳಬೇಕು. ಕಾಯಿ ಕಚ್ಚಿದಾಗ ಕಾಂಡಕ್ಕೆ ಹತ್ತಿರದ, ದಪ್ಪ ಕೊಂಬೆಯಲ್ಲಿರುವ ಒಂದನ್ನು ಬಿಟ್ಟು ಉಳಿದದ್ದನ್ನು ಎಳೆಯದಾಗಿರುವಾಗಲೇ ಕಿತ್ತುಹಾಕಿ.