ಪ್ರೋಸೆಸ್‌ಗೆ ಮಿತಿ: ಯುಲಿಮಿಟ್ ನನಗೆ ಅರ್ಥವಾದ ಬಗೆ

ಸಕಲೇಶಪುರದ ಹತ್ತಿರ ನಮ್ಮ ಮಾವನ ಕಾಫಿ ತೋಟ ಇದೆ. ಅವರು ದಿನಾ ಬೆಳಿಗ್ಗೆ ಮಳೆ ಅಳೆದು, ಇಂಚು–ಸೆಂಟ್ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆದಿಡುತ್ತಾರೆ. ಮೂರು ವರ್ಷದ ಲೆಕ್ಕವನ್ನು ನಾನು ದಿನಕ್ಕೊಂದು ಫೈಲ್ ಮಾಡಿ ಟೈಪ್ ಮಾಡಿಕೊಂಡಿದ್ದೆ. ಒಟ್ಟು 1095 ಫೈಲ್. ಹಾಸನದ ರೂಮಲ್ಲಿ ಕೂತು, ಎಲ್ಲವನ್ನೂ ಒಟ್ಟಿಗೆ ತೆರೆದು ಮಳೆ ಕೂಡುವ ಪೈಥಾನ್ ಪ್ರೋಗ್ರಾಂ ಬರೆದೆ. 1021 ಫೈಲ್ ಸರಾಗವಾಗಿ ತೆರೆಯಿತು. 1022ನೆಯದಕ್ಕೆ ನಿಂತುಬಿಟ್ಟಿತು. ಎರರ್ 24, ‘ಟೂ ಮೆನಿ ಓಪನ್ ಫೈಲ್ಸ್’.

ಆಪರೇಟಿಂಗ್ ಸಿಸ್ಟಂ ಪರೀಕ್ಷೆಗೆ ಇದೇ ಪಾಠ ಓದುತ್ತಿದ್ದೆ. ಆದರೂ ಕಣ್ಣಿಗೆ ಬಿದ್ದಾಗ ಗುರುತು ಸಿಗಲಿಲ್ಲ. ಈಗ ತಲೆಯಲ್ಲಿ ಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ. ಒಂದು ಪ್ರೋಗ್ರಾಂ ಎಷ್ಟು ಫೈಲ್, ಎಷ್ಟು ಮೆಮೊರಿ ಬಳಸಬಹುದು ಅನ್ನೋ ಮಿತಿಗಳನ್ನು ನೋಡುವ, ಬದಲಿಸುವ ಕಮಾಂಡೇ ಯುಲಿಮಿಟ್. ಎಲ್ಲವೂ ಲಿನಕ್ಸ್ ಲೆಕ್ಕದಲ್ಲಿ. ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.

1021 ಯಾಕೆ?

ಒಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಒಮ್ಮೆಗೆ ಎಷ್ಟು ಫೈಲ್ ತೆರೆದಿಟ್ಟುಕೊಳ್ಳಬಹುದು ಅನ್ನೋದಕ್ಕೆ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಮಿತಿ ಹಾಕಿರುತ್ತದೆ. ಸಾಮಾನ್ಯವಾಗಿ ಅದು 1024. ತೆರೆದ ಪ್ರತಿ ಫೈಲಿಗೂ ಒಂದು ನಂಬರ್ ಸಿಗುತ್ತದೆ. ಅದರಲ್ಲಿ 0, 1, 2 ಈ ಮೂರು ನಂಬರ್ ಇನ್‌ಪುಟ್, ಔಟ್‌ಪುಟ್, ಎರರ್‌ಗೆ ಮೊದಲೇ ಹೋಗಿರುತ್ತವೆ. ಉಳಿದದ್ದು 1021. ಲೆಕ್ಕ ಕೂಡಿದ ಆ ಕ್ಷಣ ನಿಜಕ್ಕೂ ಖುಷಿಯಾಯ್ತು.

1024 ಅನ್ನೋದಕ್ಕೂ ಕಾರಣ ಇದೆ. ಸೆಲೆಕ್ಟ್ ಅನ್ನೋ ಹಳೆಯ ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕೋರಿಕೆ) 1024ಕ್ಕಿಂತ ಕೆಳಗಿನ ಫೈಲ್ ನಂಬರ್‌ಗಳನ್ನಷ್ಟೇ ನೋಡಿಕೊಳ್ಳಬಲ್ಲದು. ಅದನ್ನು ಬಳಸುವ ಪ್ರೋಗ್ರಾಂಗೆ ದೊಡ್ಡ ನಂಬರ್ ಸಿಕ್ಕರೆ ಅದರ ಮೆಮೊರಿಯೇ ಕೆಡಬಹುದು. ಹಾಗಾಗಿ ಈ ಮಿತಿಯನ್ನು (ಇದರ ಹೆಸರು ಸಾಫ್ಟ್ ಮಿತಿ, ವಿವರ ಮುಂದೆ) ಇವತ್ತಿಗೂ 1024ರಲ್ಲೇ ಬಿಟ್ಟಿದ್ದಾರೆ.

ಸಾಫ್ಟ್, ಹಾರ್ಡ್: ನಾನು ಎಡವಿದ್ದು ಇಲ್ಲೇ

ಪ್ರತಿ ಮಿತಿಗೂ ಎರಡು ಅಂಕೆ. ಸಾಫ್ಟ್ ಅಂದರೆ ಈಗ ಜಾರಿಯಲ್ಲಿರುವ ಮಿತಿ. ಹಾರ್ಡ್ ಅಂದರೆ ಸಾಫ್ಟನ್ನು ಎಲ್ಲಿಯವರೆಗೆ ಏರಿಸಬಹುದು ಅನ್ನೋ ಗಡಿ. ಮಾಮೂಲಿ ಬಳಕೆದಾರ ಸಾಫ್ಟನ್ನು ಹಾರ್ಡ್‌ವರೆಗೆ ಹೇಗೆ ಬೇಕಾದರೂ ಏರಿಸಿ ಇಳಿಸಬಹುದು. ಹಾರ್ಡನ್ನು ಇಳಿಸಲೂಬಹುದು, ಆದರೆ ಮತ್ತೆ ಏರಿಸಲು ಆಗಲ್ಲ. ಅದಕ್ಕೆ ರೂಟ್, ಅಂದರೆ ಪೂರ್ತಿ ಅಧಿಕಾರ ಇರುವ ಬಳಕೆದಾರ, ಬೇಕು.

ಇಷ್ಟು ನನಗೆ ಬಾಯಿಪಾಠ ಇತ್ತು. ಆದರೂ ಹೀಗಾಯ್ತು. ‘ಯುಲಿಮಿಟ್ -ಎನ್’ ಹೊಡೆದೆ, 1024 ಬಂತು. ‘ಯುಲಿಮಿಟ್ -ಎಚ್‌ಎನ್’ ಹೊಡೆದೆ, ಹಾರ್ಡ್ ಮಿತಿ 1048576. ಬೇಕಾದಷ್ಟು ಜಾಗ ಇದೆ ಅಂದುಕೊಂಡು ‘ಯುಲಿಮಿಟ್ -ಎನ್ 2000’ ಕೊಟ್ಟೆ. ಕೆಲಸ ಆಯ್ತು. ಆಮೇಲೆ ಇನ್ನೂ ಸ್ವಲ್ಪ ಇರಲಿ ಅಂತ 3000 ಕೊಟ್ಟರೆ, ‘ಆಪರೇಷನ್ ನಾಟ್ ಪರ್ಮಿಟೆಡ್’! ಐದು ನಿಮಿಷದ ಹಿಂದೆ ಹತ್ತು ಲಕ್ಷ ದಾಟಿದ್ದ ಗಡಿ ಎಲ್ಲಿ ಹೋಯ್ತು?

ಆಗಿದ್ದಿಷ್ಟು. ಬ್ಯಾಷ್‌ನಲ್ಲಿ (ಟರ್ಮಿನಲ್‌ನಲ್ಲಿ ಹೊಡೆದ ಕಮಾಂಡ್ ಓದಿ ನಡೆಸುವ ಶೆಲ್ ಇದು) ದೊಡ್ಡಕ್ಷರದ ಎಸ್ (S, ಸಾಫ್ಟ್) ಅಥವಾ ಎಚ್ (H, ಹಾರ್ಡ್) ಅಂತ ಹೇಳದೆ ಅಂಕೆ ಕೊಟ್ಟರೆ ಅದು ಎರಡನ್ನೂ ಬದಲಿಸುತ್ತದೆ. 2000 ಕೊಟ್ಟಾಗ ಸಾಫ್ಟ್ 1024ರಿಂದ ಏರಿತು, ಅದೇ ಹೊತ್ತಿಗೆ ಹಾರ್ಡ್ 1048576ರಿಂದ 2000ಕ್ಕೆ ಇಳಿಯಿತು. ನಾನು ಏರಿಸುತ್ತಿದ್ದೇನೆ ಅಂದುಕೊಂಡು ಗಡಿಯನ್ನೇ ಕೆಳಗಿಳಿಸಿದ್ದೆ. ಆದರೆ ಅಂಕೆ ಕೊಡದೆ ಸುಮ್ನೆ ಕೇಳಿದಾಗ ಅದು ತೋರಿಸೋದು ಸಾಫ್ಟ್ ಮಾತ್ರ. ಕೇಳುವಾಗ ಒಂದು, ಹಾಕುವಾಗ ಎರಡು. ಗೊಂದಲ ಹುಟ್ಟೋದೇ ಇಲ್ಲಿ. ಹಾಗಾಗಿ ಯಾವಾಗಲೂ ‘ಯುಲಿಮಿಟ್ -ಎಸ್‌ಎನ್ 2000’ ಅಂತಲೇ ಹೊಡೆಯಿರಿ. ನಾನು ಇದನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೇ ಬರೆದಿಟ್ಟಿದ್ದೇನೆ.

ಸರಿ, ರೂಟ್ ಇದ್ದರೆ ಆಗುತ್ತಲ್ವಾ ಅಂತ, ಕಮಾಂಡನ್ನು ರೂಟ್ ಆಗಿ ಓಡಿಸುವ ಸುಡೊ ಸೇರಿಸಿ ‘ಸುಡೊ ಯುಲಿಮಿಟ್ -ಎನ್ 3000’ ಕೊಟ್ಟೆ. ‘ಕಮಾಂಡ್ ನಾಟ್ ಫೌಂಡ್’ ಅಂತು. ಈಗಷ್ಟೇ ಬಳಸಿದ ಕಮಾಂಡ್ ಇಲ್ಲ ಅಂದರೆ ಹೇಗೆ? ಇದನ್ನು ಬಿಡಿಸಿಕೊಂಡಾಗಲೇ ಇಡೀ ಪಾಠ ಅರ್ಥವಾಯ್ತು.

ಮಿತಿ ಅನ್ನೋದು ಕಂಪ್ಯೂಟರಿನದ್ದಲ್ಲ, ಟರ್ಮಿನಲ್‌ನದ್ದೂ ಅಲ್ಲ. ಅದು ಆಯಾ ಪ್ರೋಸೆಸ್‌ನದ್ದು. ಫೋರ್ಕ್ ಆದಾಗ, ಅಂದರೆ ಒಂದು ಪ್ರೋಸೆಸ್ ಇನ್ನೊಂದನ್ನು ಹುಟ್ಟಿಸಿದಾಗ, ಮಗುವಿಗೆ ಅಪ್ಪನ ಮಿತಿಯ ನಕಲು ಸಿಗುತ್ತದೆ. ಎಕ್ಸೆಕ್ ಆದರೂ, ಅಂದರೆ ಅದೇ ಪ್ರೋಸೆಸ್ ಬೇರೆ ಪ್ರೋಗ್ರಾಂ ಓಡಿಸತೊಡಗಿದರೂ, ಅದು ಹಾಗೇ ಉಳಿಯುತ್ತದೆ. ಸೆಟ್‌ಆರ್‌ಲಿಮಿಟ್ ಅನ್ನೋ ಸಿಸ್ಟಂ ಕಾಲ್ ಕರೆದವನ ಸ್ವಂತ ಮಿತಿಯನ್ನಷ್ಟೇ ಬದಲಿಸುತ್ತದೆ. ಈಗ ಯೋಚಿಸಿ. ಯುಲಿಮಿಟ್ ಬೇರೆ ಪ್ರೋಗ್ರಾಂ ಆಗಿದ್ದರೆ ಶೆಲ್ ಅದನ್ನು ಮಗುವಾಗಿ ಹುಟ್ಟಿಸಬೇಕು. ಆ ಮಗು ತನ್ನ ಮಿತಿ ಬದಲಿಸಿಕೊಳ್ಳುತ್ತದೆ, ಕೆಲಸ ಮುಗಿಸಿ ಸಾಯುತ್ತದೆ. ಅಪ್ಪನಾದ ಶೆಲ್‌ನ ಮಿತಿ ಇದ್ದ ಹಾಗೇ ಇರುತ್ತದೆ. ಹಾಗಾಗಿ ಯುಲಿಮಿಟ್ ಶೆಲ್‌ನ ಒಳಗೇ ಇರಬೇಕು. ಫೋಲ್ಡರ್ ಬದಲಿಸುವ ‘ಸಿಡಿ’ ಕೂಡ ಶೆಲ್‌ನ ಒಳಗಿರೋದು ಇದೇ ಕಾರಣಕ್ಕೆ. ಸುಡೊ ಹುಡುಕೋದು ಡಿಸ್ಕ್‌ನಲ್ಲಿರುವ ಪ್ರೋಗ್ರಾಂ. ಅಲ್ಲಿ ಆ ಹೆಸರಿನದ್ದು ಇಲ್ಲ.

ನಂಬಿಕೆ ಬರದಿದ್ದರೆ ಮಾಡಿ ನೋಡಿ. ಮಿತಿ ಇಳಿಸಿದ ಟರ್ಮಿನಲ್‌ನಲ್ಲೇ ‘ಬ್ಯಾಷ್’ ಅಂತ ಹೊಡೆದು ಒಳಗೆ ಇನ್ನೊಂದು ಶೆಲ್ ತೆರೆಯಿರಿ. ಅಲ್ಲೂ 2000. ಅದು ಮಗು. ಪಕ್ಕದಲ್ಲಿ ಹೊಸ ಟರ್ಮಿನಲ್ ಕಿಟಕಿ ತೆರೆಯಿರಿ, ಮತ್ತೆ 1024 ಮತ್ತು 1048576. ಅದು ಈ ಶೆಲ್‌ನ ಮಗುವಲ್ಲ, ಟರ್ಮಿನಲ್ ಪ್ರೋಗ್ರಾಂನ ಮಗು. ನನಗೆ ಮಿತಿ ವಾಪಸ್ ಸಿಕ್ಕಿದ್ದೂ ಹೀಗೇ.

ಓಡುತ್ತಿರುವ ಬೇರೆ ಪ್ರೋಸೆಸ್‌ನ ಮಿತಿ ಬದಲಿಸಬೇಕಾದರೆ ‘ಪಿಆರ್‌ಲಿಮಿಟ್’ ಇದೆ. ಆ ಹೆಸರಿನ ಸಿಸ್ಟಂ ಕಾಲ್ 2010ರಲ್ಲಿ, ಕರ್ನಲ್ 2.6.36ರಲ್ಲಿ ಬಂತು. ಅದೇ ಹೆಸರಿನ ಕಮಾಂಡ್ ನಿಜವಾದ ಪ್ರೋಗ್ರಾಂ, ಆದ್ದರಿಂದ ಸುಡೊ ಜೊತೆ ಓಡುತ್ತದೆ.

ಉಳಿದ ಮಿತಿಗಳು, ಬೇಗ ಬೇಗ

ಸ್ಟ್ಯಾಕ್ (ಫಂಕ್ಷನ್ ಕರೆಗಳು ಬಳಸುವ ಮೆಮೊರಿ): ಸಾಮಾನ್ಯವಾಗಿ 8 ಎಂಬಿ. ಕೊನೆಯಿಲ್ಲದ ರಿಕರ್ಷನ್ (ಫಂಕ್ಷನ್ ತನ್ನನ್ನೇ ಕರೆಯುತ್ತಾ ಹೋಗೋದು) ಸಾಯೋದು ಇಲ್ಲಿಗೇ ತಾಗಿ.

ಸಿಪಿಯು: ಇದು ಗಡಿಯಾರದ ಸೆಕೆಂಡ್ ಅಲ್ಲ, ಸಿಪಿಯು ಮೇಲೆ ನಿಜವಾಗಿ ಓಡಿದ ಸೆಕೆಂಡ್. ನಿದ್ದೆ ಮಾಡುವ ಪ್ರೋಗ್ರಾಂಗೆ ಲೆಕ್ಕವೇ ಏರಲ್ಲ. ಸಾಫ್ಟ್ ದಾಟಿದರೆ ಎಚ್ಚರಿಕೆಯ ಸಿಗ್ನಲ್ ಬರುತ್ತದೆ, ಹಾರ್ಡ್ ದಾಟಿದರೆ ಪ್ರೋಸೆಸನ್ನು ಕೊಲ್ಲುವ ಸಿಗ್ನಲ್ ಸಿಗ್‌ಕಿಲ್. ಎರಡಕ್ಕೂ ಒಂದೇ ಅಂಕೆ ಕೊಟ್ಟರೆ ಎಚ್ಚರಿಕೆ ಇಲ್ಲದೆ ಸೀದಾ ಕೊಲ್ಲುತ್ತದೆ. ಇಲ್ಲೂ ಎಸ್ ಹಾಕೋದು ಮರೆಯಬೇಡಿ!

ಮೆಮೊರಿ: ‘ಯುಲಿಮಿಟ್ -ವಿ’ ತಡೆಯೋದು ವರ್ಚುವಲ್ ವಿಳಾಸದ ಜಾಗವನ್ನು, ರ‍್ಯಾಮ್‌ ಅನ್ನಲ್ಲ. ರ‍್ಯಾಮ್‌ಗೆ ಅಂತಲೇ ಇರುವ ‘-ಎಂ’ ಈಗಿನ ಲಿನಕ್ಸ್‌ನಲ್ಲಿ ಏನೂ ಮಾಡಲ್ಲ. ಪರೀಕ್ಷೆಯಲ್ಲಿ ಕೇಳಿದರೆ ಇದನ್ನು ಖಂಡಿತ ಬರೆಯಿರಿ.

ಪ್ರೋಸೆಸ್ ಸಂಖ್ಯೆ: ಇದೊಂದು ಬೇರೆ ಜಾತಿ. ಎಣಿಸೋದು ಆ ಬಳಕೆದಾರನ ಎಲ್ಲ ಪ್ರೋಸೆಸ್, ಥ್ರೆಡ್ ಸೇರಿಸಿ. ರೂಟ್‌ಗೆ ಇದು ತಾಗಲ್ಲ.

ಹಾಸನಾಂಬೆ ದರ್ಶನ ಮತ್ತು ಸಿಗ್ರೂಪ್

ಇವೆಲ್ಲ ಇದ್ದ ಮೇಲೂ ಸಿಗ್ರೂಪ್ (ಪ್ರೋಸೆಸ್‌ಗಳ ಗುಂಪಿಗೆ ಒಟ್ಟಾಗಿ ಮಿತಿ ಹಾಕುವ ಕರ್ನಲ್ ಸೌಲಭ್ಯ) ಯಾಕೆ ಬೇಕಾಯ್ತು? ನನಗೆ ಉತ್ತರ ಸಿಕ್ಕಿದ್ದು ನಮ್ಮ ದೊಡ್ಡಮ್ಮನ ಮನೆಯಲ್ಲಿ. ಹಾಸನಾಂಬೆ ಗುಡಿ ತೆರೆಯೋದು ವರ್ಷಕ್ಕೆ ಕೆಲವೇ ದಿನ, ದೀಪಾವಳಿ ಆಸುಪಾಸಿನಲ್ಲಿ. ಆಗ ಹಾಸನದ ಮನೆಗಳ ತುಂಬ ನೆಂಟರು. ದೊಡ್ಡಮ್ಮ ಒಂದು ನಿಯಮ ಮಾಡಿದರು: ಸ್ನಾನಕ್ಕೆ ತಲೆಗೆ ಎರಡು ಬಕೆಟ್. ಒಬ್ಬರೂ ಮೀರಲಿಲ್ಲ. ಆದರೂ ಎಂಟು ಗಂಟೆಗೆ ಟ್ಯಾಂಕ್ ಖಾಲಿ. ಯಾಕಂದರೆ ತಲೆಗಳೇ ಜಾಸ್ತಿ!

ಯುಲಿಮಿಟ್‌ನ ಮೆಮೊರಿ ಮಿತಿಯೂ ಹೀಗೇ, ತಲೆಗೆ ಇಷ್ಟು. 500 ಎಂಬಿ ಮಿತಿ ಇರುವ ಪ್ರೋಸೆಸ್ ಹತ್ತು ಮಕ್ಕಳನ್ನು ಹುಟ್ಟಿಸಿದರೆ ಪ್ರತಿ ಮಗುವಿಗೂ 500 ಎಂಬಿ. ಸಿಗ್ರೂಪ್ ಮಾಡೋದು ಬೇರೆ ಕೆಲಸ: ಈ ಗುಂಪಿಗೆಲ್ಲ ಸೇರಿ ಇಷ್ಟೇ ಟ್ಯಾಂಕ್. ಎಷ್ಟು ಮಕ್ಕಳು ಹುಟ್ಟಿದರೂ ಅದೇ ಗುಂಪಿನಲ್ಲೇ ಇರುತ್ತಾರೆ.

2006ರಲ್ಲಿ ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ ಈ ಕೆಲಸ ಶುರು ಮಾಡಿದರು. 2008ರ ಜನವರಿಯಲ್ಲಿ ಬಂದ ಕರ್ನಲ್ 2.6.24ರಲ್ಲಿ ಸೇರಿತು. ಎರಡನೇ ಆವೃತ್ತಿ 2016ರಲ್ಲಿ, 4.5ರಲ್ಲಿ ಅಧಿಕೃತವಾಯ್ತು. ಪ್ರೋಗ್ರಾಂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟ ಹಾಗೆ ಓಡಿಸುವ ಡಾಕರ್ ಕಂಟೈನರ್‌ಗೆ ಮೆಮೊರಿ ಮಿತಿ ಕೊಟ್ಟಾಗ ಕೆಲಸ ಮಾಡೋದು ಇದೇ.

ಸಿಪಿಯು ಪಾಲು ಮೀರಿದರೆ ಸಿಗ್ರೂಪ್ ಕೊಲ್ಲಲ್ಲ, ಕಾಯಿಸುತ್ತದೆ. ‘ಸಿಪಿಯು ಡಾಟ್ ಮ್ಯಾಕ್ಸ್’ ಫೈಲ್‌ನಲ್ಲಿ 50000 100000 ಅಂತ ಬರೆದರೆ ಪ್ರತಿ 100 ಮಿಲಿಸೆಕೆಂಡಿಗೆ 50 ಮಾತ್ರ, ಅಂದರೆ ಅರ್ಧ ಸಿಪಿಯು. ಮೆಮೊರಿ ಹಾಗಲ್ಲ. ಕರ್ನಲ್ ಮೊದಲು ಆ ಗುಂಪಿನ ಪುಟಗಳನ್ನು ವಾಪಸ್ ಪಡೆಯಲು ನೋಡುತ್ತದೆ. ಆಗದಿದ್ದರೆ ಗುಂಪಿನೊಳಗೇ ಒಂದು ಪ್ರೋಸೆಸ್ ಆರಿಸಿ ಕೊಲ್ಲುತ್ತದೆ. ಕಂಟೈನರ್ 137 ಅನ್ನೋ ಎಕ್ಸಿಟ್ ಕೋಡ್ ಕೊಟ್ಟು ಸತ್ತರೆ ಅದು 128 ಕೂಡಿಸು 9. ಒಂಬತ್ತು ಅಂದರೆ ಸಿಗ್‌ಕಿಲ್. ಮೊದಲು ಅನುಮಾನ ಪಡಬೇಕಾದ್ದು ಮೆಮೊರಿಯನ್ನೇ.

ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ನೋಡಬಹುದು. ‘ಸಿಸ್ಟಂಡಿ-ರನ್’ ಕಮಾಂಡ್‌ಗೆ ‘ಮೆಮೊರಿಮ್ಯಾಕ್ಸ್’ 200 ಎಂಬಿ ಕೊಟ್ಟು, ಮೆಮೊರಿ ತಿನ್ನುತ್ತಲೇ ಹೋಗುವ ಪ್ರೋಗ್ರಾಂ ಓಡಿಸಿ. ನಾನು ಓಡಿಸಿದಾಗ ಅದು ಸಾಯಲೇ ಇಲ್ಲ, ಬರೀ ನಿಧಾನವಾಯ್ತು. ಆ ಮಿತಿ ಸ್ವಾಪ್‌ಗೆ ಅನ್ವಯಿಸಲ್ಲ (ಸ್ವಾಪ್ ಅಂದರೆ ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ), ಉಳಿದದ್ದೆಲ್ಲ ಡಿಸ್ಕ್‌ಗೆ ಹರಿಯುತ್ತಿತ್ತು. ‘ಮೆಮೊರಿಸ್ವಾಪ್‌ಮ್ಯಾಕ್ಸ್’ ಸೊನ್ನೆ ಅಂತಲೂ ಸೇರಿಸಿದೆ. ಎಂಟರ್ ಒತ್ತಿ ಸ್ವಲ್ಪ ಹೊತ್ತಿಗೇ ‘ಕಿಲ್ಡ್’ ಅಂತ ಬಂತು.

ಮಳೆಯ ಪ್ರೋಗ್ರಾಂಗೆ ಕೊನೆಗೆ ಯಾವ ಮಿತಿಯನ್ನೂ ಏರಿಸಲಿಲ್ಲ. ಒಂದು ಫೈಲ್ ಓದಿ, ಮುಚ್ಚಿ, ಆಮೇಲೆ ಮುಂದಿನದಕ್ಕೆ ಹೋಗುವ ಹಾಗೆ ‘ವಿತ್’ ಹಾಕಿ ಬರೆದೆ. 1024ರ ಒಳಗೇ 1095 ಫೈಲೂ ಓದಿತು.